ಹಂಡೆಯೊಳಗಿನ ಕೈ

ನಮ್ಮ ಬಚ್ಚಲಿಗೆ ಗೀಸರ್ ಬಂದು ವರ್ಷಗಳಾದವು. ಆದರೂ ಎಪ್ಪತ್ತು ದಾಟಿದ ನನ್ನ ಅಬ್ಬಿ ನಲ್ಲಿ ತಿರುಗಿಸುವ ಮೊದಲು ಗೀಸರಿನ ಮೈಗೆ ಬೆರಳಿನಿಂದ ಎರಡು ಸಲ ಬಡಿಯುತ್ತಾಳೆ. ಅಬ್ಬಿ ಎಂದರೆ ನಮ್ಮ ಕಡೆ ಅಮ್ಮ. ಮೊನ್ನೆ ರಿಪೇರಿಗೆ ಬಂದವನು ಅದನ್ನು ನೋಡಿ, "ಎಂತ ಅಮ್ಮ, ಶಾಕ್ ಹೊಡಿತಾ?" ಎಂದು ಕೇಳಿದ. "ಇಲ್ಲೆ ಮಾರಾಯಾ, ಒಳ್ಗ್ ಯಾರಾರೂ ಇದ್ರೆ ಎದ್ದ್ ಹೋಯ್ಲಿ ಅಂದೇಳಿ" ಎಂದಳು. ಅವನು ಆ ದಿನ ಬಹಳ ಬೇಗ ಕೆಲಸ ಮುಗಿಸಿದ.

ಇದೆಲ್ಲ ಒಂದು ಧಾರಾವಾಹಿಯ ಪ್ರಸಾದ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಉಪ್ಪುಂದದ ನಮ್ಮ ಕೇರಿಯಲ್ಲಿ ಮೂರು ಮನೆಯವರು ಸೇರಿ ಒಂದು ವಾರಪತ್ರಿಕೆ ತರಿಸುತ್ತಿದ್ದರು. ನಮ್ಮದು ಕೊನೆಯ ಸರದಿ, ಹಾಗಾಗಿ ಓದಿ ಮುಗಿದ ಪತ್ರಿಕೆ ನಮಗೇ ಉಳಿಯುತ್ತಿತ್ತು. ಧಾರಾವಾಹಿಯ ಹಾಳೆಗಳನ್ನು ಕಿತ್ತು ಜೋಡಿಸಿ ಅಪ್ಪಯ್ಯ ಬಲೆಯ ದಾರದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದರು. ಹಾಳೆ ಹರಿದರೂ ಹೊಲಿಗೆ ಬಿಡುತ್ತಿರಲಿಲ್ಲ. ಅಬ್ಬಿಗೆ ಓದು ಬಾರದು. ಬೆಳಿಗ್ಗೆ ಮೀನು, ಒಣ ಸೀಗಡಿ ಬುಟ್ಟಿಯಲ್ಲಿಟ್ಟುಕೊಂಡು ಬೈಂದೂರಿನ ಮನೆಮನೆಗೆ ಮಾರಿ ಬಂದು, ಸಂಜೆ ಸೀಗಡಿ ಆರಿಸುತ್ತ ಕೂತರೆ ನಾನು ಪಕ್ಕದಲ್ಲಿ ಗಟ್ಟಿಯಾಗಿ ಓದಬೇಕು.

ಆ ಧಾರಾವಾಹಿಯಲ್ಲಿ ಹೊಸ ಮದುಮಗಳೊಬ್ಬಳು ದೊಡ್ಡ ಮನೆಗೆ ಬರುತ್ತಾಳೆ. ಆ ಮನೆಯ ಬಚ್ಚಲಿನ ತಾಮ್ರದ ಹಂಡೆಯನ್ನು ಯಾರೋ ಒಳಗಿನಿಂದ ಬಡಿಯುತ್ತಾರೆ. ಎಂಟನೇ ಕಂತಿನಲ್ಲಿ ಒಂದು ಒದ್ದೆ ಕೈ ಹಂಡೆಯ ಮುಚ್ಚಳವನ್ನು ಮೆಲ್ಲಗೆ ಎತ್ತಿತು. ನಮ್ಮ ಬಚ್ಚಲಿನಲ್ಲಿದ್ದದ್ದೂ ಅಂಥದೇ ಹಂಡೆ, ಮಸಿ ಹಿಡಿದು ಕಪ್ಪಾದದ್ದು.

ಅಂದಿನಿಂದ ನಾನು ಸ್ನಾನ ಬಿಟ್ಟೆ. ಬಾವಿಕಟ್ಟೆಯಲ್ಲಿ ತಲೆಗೂದಲು ನೆನೆಸಿಕೊಂಡು ಬಂದು ಮಿಂದೆ ಎನ್ನುತ್ತಿದ್ದೆ. ನಾಲ್ಕೇ ದಿನದಲ್ಲಿ ಅಬ್ಬಿ ಮೂಗು ಅರಳಿಸಿ, "ಮೀನ್ ಮಾರುದ್ ನಾನ್, ವಾಸ್ನಿ ನಿಂದಾ?" ಎಂದು ಹಿಡಿದೇಬಿಟ್ಟಳು. ಬೈಯಲಿಲ್ಲ. ಹಂಡೆಯ ಮುಚ್ಚಳಕ್ಕೆ ಎರಡು ಸಲ ಬಡಿದು, "ಇದ್ರೆ ಎದ್ದ್ ಹೋಯ್ಕ್, ಹೆಣ್ಣ್ ಮೀವುಕಿತ್ತ್" ಎಂದು ಗದರಿಸಿ, ನನ್ನ ಸ್ನಾನ ಮುಗಿಯುವವರೆಗೂ ಬಾಗಿಲಲ್ಲಿ ನಿಂತಳು. ಬಡಿಯುವಾಗ ಅವಳೂ ಒಂದು ಹೆಜ್ಜೆ ಹಿಂದೆ ಇದ್ದದ್ದನ್ನು ನಾನು ನೋಡಿದ್ದೆ.

ಅಬ್ಬಿಗೆ ಕಥೆಯ ಹೆಣ್ಣುಮಕ್ಕಳ ಕಷ್ಟ ತಡೆಯಲಾಗುವುದಿಲ್ಲ. ಒಮ್ಮೆ ಕುಂದಾಪುರದಲ್ಲಿ ದೆವ್ವದ ಸಿನಿಮಾದ ಮಧ್ಯಾಹ್ನದ ಆಟಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದಳು. ಪರದೆಯ ಮೇಲೆ ನಾಯಕಿಯ ಬೆನ್ನ ಹಿಂದೆ ನೆರಳು ಬರುತ್ತಲೇ ಎದ್ದು ನಿಂತು, "ಹ್ವಾಯ್, ಹಿಂದ್ ಕಾಣ್ ಮಾರಾಯ್ತಿ!" ಎಂದು ಕೂಗಿದಳು. ಇಡೀ ಟಾಕೀಸು ಗೊಳ್ಳೆಂದಿತು. ನಾನು ನಾಚಿಕೆಯಿಂದ ಸೀಟಿನಡಿ ಸೇರಿದ್ದೆ. ಈಗ ನೆನೆದರೆ ಹೆಮ್ಮೆಯಾಗುತ್ತದೆ.

ಧಾರಾವಾಹಿಯ ಕೊನೆಯ ಕಂತು ಬಂತು. ಮದುಮಗಳು ಒಬ್ಬಳೇ ಬಚ್ಚಲಿಗೆ ಹೋಗಿ ಹಂಡೆಯ ಮುಚ್ಚಳ ತೆಗೆಯುತ್ತಾಳೆ. ನಾನು ಉಸಿರು ಬಿಗಿಹಿಡಿದು ಹಾಳೆ ತಿರುಗಿಸಿದರೆ ಹಲಸಿನ ಹಪ್ಪಳ ಮಾಡುವ ವಿಧಾನ! ನಡುವಿನ ಹಾಳೆಯೇ ಇಲ್ಲ. ಸೀಗಡಿ ಕಟ್ಟಲು ಅಬ್ಬಿ ಬೆಳಿಗ್ಗೆ ಹಳೆಯ ಕಾಗದ ಕೀಳುತ್ತಿದ್ದಳು. ಅಕ್ಷರ ಬಾರದ ಅವಳ ಲೆಕ್ಕದಲ್ಲಿ ಚಿತ್ರ ಇರುವ ಹಾಳೆ ಕಥೆಯದು, ಚಿತ್ರ ಇಲ್ಲದ್ದು ಸೀಗಡಿಗೆ. ಕಥೆಯ ಕೊನೆಯ ಹಾಳೆಗೆ ಚಿತ್ರವೇ ಇರಲಿಲ್ಲ.

"ಆ ಹೆಣ್ಣ್ ಬದ್ಕಿತಾ, ಸತ್ತಿತಾ?" ಎಂದು ನಾನು ಅತ್ತೆ. ಆ ಸಂಜೆ ಅಬ್ಬಿ ಬಾಗಿಲಲ್ಲಿ ನಿಂತರೂ ನಾನು ಬಚ್ಚಲಿಗೆ ಕಾಲಿಡಲಿಲ್ಲ. ಮರುದಿನ ಅವಳು ಬೈಂದೂರಿನ ಮನೆಮನೆಗೆ ಹೋಗಿ, "ನಿನ್ನೆ ಚಟ್ಲಿ ಕಟ್ಟಿದ್ ಕಾಗ್ದ ಇತ್ತಾ, ಬಿಸಾಡ್ಬಿಟ್ರ್ಯಾ?" ಎಂದು ಕೇಳಿದಳಂತೆ. ಚಟ್ಲಿ ಎಂದರೆ ಸೀಗಡಿ. ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡವರೇ ಹೆಚ್ಚು.

ಅಂದು ಶಾಲೆಯಿಂದ ಬರುವಾಗ ಬಚ್ಚಲಿನಿಂದ ಹೊಗೆ ಏಳುತ್ತಿತ್ತು, ಅಬ್ಬಿ ನಗುತ್ತ ನಿಂತಿದ್ದಳು. ಕಾಗದ ಸಿಗಲಿಲ್ಲವಂತೆ, ಆದರೆ ಸೀಗಡಿ ಕೊಂಡಿದ್ದ ಬೈಂದೂರಿನ ಟೀಚರಮ್ಮನೊಬ್ಬರು ಎಸೆಯುವ ಮೊದಲು ಅದನ್ನು ಓದಿದ್ದರಂತೆ.

"ಹೆಣ್ಣ್ ಬದ್ಕಿತ್ ಮಗಾ. ಆ ಕೈ ಅದ್ರ ಗಂಡನ ಅಜ್ಜಿದ್ ಅಂಬ್ರ್. ಪಾಪ, ಮೀವತಿಗೆ ಕೈಬಳಿ ಹಂಡಿಗ್ ಬಿದ್ದಿತ್ ಅಂಬ್ರ್, ಅದನ್ನೇ ಹುಡ್ಕತಿದ್ದಿತ್. ಬಳಿ ಸಿಕ್ತ್, ಹೋಯ್ತ್. ಇನ್ನ್ ಹೆದ್ರಬೇಡ, ಮಿಂದ್ಕಂಡ್ ಬಾ."

ತಿಂಗಳುಗಳ ಬಳಿಕ ಅಂದು ನಾನು ಒಬ್ಬಳೇ ಮಿಂದೆ. ಬಿಸಿಬಿಸಿ ನೀರು ಸುರಿದುಕೊಂಡು ಹಾಡೂ ಹೇಳಿದೆ.

ಹೋದ ವರ್ಷ ಬ್ರಹ್ಮಾವರದ ನನ್ನ ಆಫೀಸಿನ ಗೆಳತಿಯೊಬ್ಬಳ ಬಾರ್ಕೂರಿನ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಅತ್ತೆಯ ಕಪಾಟಿನಲ್ಲಿ ಕಿತ್ತು ಹೊಲಿದ ಧಾರಾವಾಹಿಗಳ ಸಾಲೇ ಇತ್ತು. ಅದರಲ್ಲಿ ನಮ್ಮ ಹಂಡೆಯೂ! ಪಾಯಸದ ಲೋಟ ಕೈಯಲ್ಲಿ ಹಿಡಿದೇ ಕೊನೆಯ ಹಾಳೆ ತೆರೆದೆ. ಬಳೆಯೂ ಇಲ್ಲ, ಅಜ್ಜಿಯೂ ಇಲ್ಲ. ಮದುಮಗಳು ಮುಚ್ಚಳ ತೆಗೆಯುತ್ತಾಳೆ, ಒದ್ದೆ ಕೈ ಅವಳ ಮುಂಗೈ ಹಿಡಿಯುತ್ತದೆ. ಬೆಳಗಾದಾಗ ಬಚ್ಚಲು ಖಾಲಿ. ಆಮೇಲೆ ಹಂಡೆಯನ್ನು ಒಳಗಿನಿಂದ ಬಡಿಯುವುದು ಇಬ್ಬರ ಕೈ. ನಡುಹಗಲು, ಸುತ್ತ ಅಷ್ಟು ಜನ, ಆದರೂ ನನ್ನ ಮೈ ಜುಂ ಎಂದಿತು. ಈ ವಯಸ್ಸಿನಲ್ಲೂ ಹೆದರಬಲ್ಲೆ ಎಂದು ಖುಷಿಯೂ ಆಯಿತು. ಬಸ್ಸಿನಲ್ಲಿ ಉಪ್ಪುಂದದವರೆಗೂ ಆ ಟೀಚರಮ್ಮನನ್ನು ಬೈದುಕೊಂಡೇ ಬಂದೆ. ಎಂಥ ಸುಳ್ಳಿ!

ಮನೆಯಲ್ಲಿ ಅಬ್ಬಿ ಬಂಗಡೆ ಮೀನು ಹೆಚ್ಚುತ್ತಿದ್ದಳು. ನಾನು ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಟೀಚರಮ್ಮ ಎಂತಕ್ಕೆ ಸುಳ್ಳ್ ಹೇಳ್ತ್ರ್? ಇದ್ದದ್ದ್ ಇದ್ದಾಂಗೇ ಓದಿ ಹೇಳ್ರ್. ನನ್ ಕೈಕಾಲೇ ತಣ್ಣಗಾಯ್ತ್. ಇದನ್ನ್ ಓದ್ರೆ ನೀನ್ ಮದಿ ಆಯಿ ಗಂಡನ ಮನಿಗ್ ಹೋಪ್ವರಿಗೂ ಮೀವುದಿಲ್ಲೆ ಅಂದ್ಕಂಡೆ. ಆ ಹೆಣ್ಣೂ ಪಾಪ, ಸಾಯುಕೆ ಎಂತ ಮಾಡಿತ್? ಬಪ್ಪ ದಾರಿಲೇ ಬಳಿ ಕಥಿ ಕಟ್ಟಿದೆ."

"ಹಾಗಾದ್ರೆ ಆ ಕಾಗ್ದ?"

"ಟೀಚರಮ್ಮ ಕೊಟ್ಟಿದ್ರ್" ಎಂದು ಅಬ್ಬಿ ಬಾಯ್ತುಂಬ ನಕ್ಕಳು. "ಬಚ್ಚಲ ಒಲಿಗ್ ಹಾಕಿ ನೀರ್ ಕಾಯ್ಸಿದೆ. ಆ ನೀರಲ್ಲ್ ನೀನೇ ಮಿಂದದ್ದ್ ಅಲ್ದಾ?"