ಕುದುರೆ ಕೂದಲಿನ ಕುಣಿಕೆ

ನಮ್ಮ ಅತ್ತೆಯ ಎಡಗೈ ಹೆಬ್ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಕಲ್ಲಿನಂತೆ ಗಡುಸಾಗಿತ್ತು. ತಲೆಬಾಗಿಲ ಬೆಳಕಿಗೆ ಮುಖವೊಡ್ಡಿ, ಆ ಬೆರಳಿನಿಂದ ಸೂಜಿಯ ಕಣ್ಣನ್ನು ತಡವುತ್ತ, ದಾರದ ತುದಿಯನ್ನು ಬರೀ ಗಾಳಿಗೆ ಪೋಣಿಸುತ್ತ ಕೂತಿರುತ್ತಿದ್ದಳು. ನಾನು ಮದುವೆಯಾಗಿ ಲಿಂಗಸುಗೂರಿನಿಂದ ಮಸ್ಕಿಗೆ ಬಂದ ಹೊಸತು. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ.

ಅತ್ತೆ ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಓಣಿಗೇ ಹೆಸರಾದವಳು. ಕಣ್ಣಿಗೆ ಪೊರೆ ಬಂದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನೆರವಾಗೋಣವೆಂದು ಒಂದು ಮಧ್ಯಾಹ್ನ ನಾನು ಆಕೆಯ ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟೆ. ಆಕೆ ಒಂದೂ ಬಿಡದೆ ದಾರ ಎಳೆದು ತೆಗೆದಳು.

“ಇವತ್ತು ದಾರ ಪೋಣಿಸ್ತಿ, ನಾಳೆ ತುತ್ತು ಮಾಡಿ ಬಾಯಾಗ ಇಡ್ತಿ. ಕಣ್ಣ ಹೋದ್ರ ಹೋಗ್ಲಿ ಬಿಡು. ಬ್ಯಾರೆ ದಾರಿ ಹುಡುಕ್ತೀನಿ.”

ಹುಡುಕತೊಡಗಿದಳು. ಸೂಜಿಯ ಹಿಂದೆ ಬಿಳಿ ಬಟ್ಟೆ ಹಿಡಿದು ನೋಡಿದಳು, ಕರಿ ಸೆರಗು ಹಿಡಿದು ನೋಡಿದಳು. ದಾರಕ್ಕೆ ಮೇಣ ಸವರಿದಳು, ತುದಿಯನ್ನು ಓರೆಯಾಗಿ ಕತ್ತರಿಸಿದಳು, ದಾರದ ಬದಲು ಸೂಜಿಯ ಕಣ್ಣನ್ನೇ ಒದ್ದೆ ಮಾಡಿದಳು. ಏನಾದರೂ ಚೂರು ಗೆದ್ದರೆ ನನ್ನನ್ನು ಕೂಗಿ, “ಯಾಕ ಹಿಂಗಾತಬೇ ಇದು?” ಎನ್ನುವಳು. ನನಗೇನು ಗೊತ್ತು!

ಒಂದು ದಿನ ನನ್ನ ತಲೆ ಬಾಚುತ್ತಿದ್ದವಳು ಉದುರಿದ ಕೂದಲೊಂದನ್ನು ಮಡಚಿ, ಆ ಮಡಿಕೆಯನ್ನು ಸೂಜಿಯ ಕಣ್ಣಿಗೆ ತೂರಿಸಲು ಹೋದಳು. ತೂರಿದರೆ ಆಚೆಗೊಂದು ಕುಣಿಕೆಯಾಗುತ್ತದೆ. ಅದರಲ್ಲಿ ಕುರುಡರೂ ದಾರ ಹಾಕಬಹುದು. ಕೂದಲನ್ನು ಹಿಂದಕ್ಕೆಳೆದರೆ ದಾರ ತಾನಾಗಿ ಜೊತೆಗೆ ಬರುತ್ತದೆ. ಆದರೆ ಕೂದಲು ಬಳುಕಿ ಬಾಗಿತು.

“ನಿನ್ನಂಗ ನಿನ್ನ ಕೂದ್ಲಾನೂ ಮೆತ್ತಗ. ಬಿರುಸಂದು ಬೇಕು.”

ಬಿರುಸಾದದ್ದು ಸಿಕ್ಕಿದ್ದು ಲಿಂಗಸುಗೂರಿನಲ್ಲಿ. ಚೊಚ್ಚಲ ಹೆರಿಗೆಗೆ ನನ್ನನ್ನು ತವರಿಗೆ ಬಿಡಲು ಅತ್ತೆಯೇ ಬಂದಿದ್ದಳು. ಮೋಟಾರು ಇಳಿದು ಟಾಂಗಾ ಹತ್ತುವಾಗ ಕುದುರೆ ಬಾಲ ಬೀಸಿ ಆಕೆಯ ಕೆನ್ನೆಗೆ ಬಡಿಯಿತು. ಅತ್ತೆ ಬಾಲವನ್ನು ಹಿಡಿದೇಬಿಟ್ಟಳು.

“ತಮ್ಮಾ, ಇದರಾಗಿನ ನಾಕು ಕೂದ್ಲಾ ಕೊಡೋ.”

ಟಾಂಗಾದವನು ಹೌಹಾರಿದ. “ಮಾಟಾ ಮಾಡಾಕೇನಬೇ ಯವ್ವಾ? ನನ್ನ ಕುದುರಿಗೆ ಏನಾರ ಆದ್ರ ನಾ ಏನ ತಿನ್ನಲಿ?”

“ಮಾಟಾ ಅಲ್ಲೋ, ಸೂಜಿಗೆ!”

ನಂಬದೆಯೇ ಒಂದು ಕೂದಲು ಕಿತ್ತು ಕೊಟ್ಟ. ಅತ್ತೆ ಸಂಚಿಯಿಂದ ಸೂಜಿ ದಾರ ತೆಗೆದಳು, ಕಣ್ಣು ಮುಚ್ಚಿದಳು, ಕೂದಲು ಮಡಚಿ ತೂರಿಸಿದಳು. ಎರಡು ಸಲ ತಪ್ಪಿತು. ಮೂರನೆಯದಕ್ಕೆ ದಾರ ಸೂಜಿಯೊಳಗಿತ್ತು.

ಆತ ಬಾಲದಿಂದ ಇನ್ನೂ ನಾಲ್ಕು ಕೂದಲು ಕಿತ್ತ. “ನಮ್ಮ ಅಮ್ಮಾಗೂ ಕಣ್ಣ ಮಂಜಾಗ್ಯಾವ. ಹೊಲಿಗಿ ಬಿಟ್ಟು ಗ್ವಾಡಿಗೆ ಮುಖಾ ಮಾಡಿ ಕುಂತಾಳ. ಆಕಿಗೂ ಒಂದಿಷ್ಟು ಒಯ್ತೀನಿ,” ಎಂದ.

“ಬರೀ ಕೂದ್ಲಾ ಒಯ್ದ್ರ ಆಕಿಗೆ ಹೆಂಗ ತಿಳೀತೈತಿ? ಗಾಡಿ ಮೊದ್ಲ ನಿಮ್ಮನಿಗೆ ಹೊಡಿ,” ಎಂದಳು ಅತ್ತೆ.

ತುಂಬು ಬಸುರಿ ನಾನು ಗಂಟುಮೂಟೆಯೊಡನೆ ಅವರ ಕಟ್ಟೆಯ ಮೇಲೆ ಕೂತೆ. ಒಳಗೆ ಪರಸ್ಪರ ಎಂದೂ ಕಂಡಿರದ ಇಬ್ಬರು ಮುದುಕಿಯರು ಮೊಣಕಾಲಿಗೆ ಮೊಣಕಾಲು ತಾಗಿಸಿ, ಒಬ್ಬರ ಬೆರಳನ್ನೊಬ್ಬರು ಹಿಡಿದು ಕೂದಲು ಮಡಚುತ್ತಿದ್ದರು. ಆ ತಾಯಿಯ ಸೂಜಿಗೆ ದಾರ ಬಿದ್ದಾಗ ಇಬ್ಬರೂ ನಕ್ಕ ನಗುವಿಗೆ ಹೊರಗಿನ ಕುದುರೆ ಕಿವಿ ನಿಮಿರಿಸಿತು.

ನನ್ನ ಮಗಳಿಗೆ ಕೌದಿ ಹೊಲಿಯುವ ಹೊತ್ತಿಗೆ ಅತ್ತೆಗೆ ಏನೂ ಕಾಣುತ್ತಿರಲಿಲ್ಲ. ದಾರ ಪೋಣಿಸಲು ಈಗಲೂ ಯಾರೂ ಬೇಡ. ಆದರೆ ಬಣ್ಣ ಬೆರಳಿಗೆ ಸಿಗುವುದಿಲ್ಲವಲ್ಲ. ಅದಕ್ಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ಇದು ಯಾವ ಬಣ್ಣಬೇ?”

“ನೀಲಿ ರೀ, ಅತ್ತಿ.”

“ಎಂಥಾ ನೀಲಿ? ಅಗಸಿ ಹೂವಿಂದೋ, ನವಲಿನ ಕುತ್ತಿಗಿದೋ?”

ಬಟ್ಟೆಯನ್ನು ಬೆಳಕಿಗೆ ಒಯ್ದು ಮತ್ತೆ ನೋಡಿ ಹೇಳುತ್ತಿದ್ದೆ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡಳು. ಆಕೆ ಕೇಳುವವರೆಗೆ ನನಗೆ ನೀಲಿ ಎಂದರೆ ಒಂದೇ ಇತ್ತು.