ನಡೆಯಲು ಬಾರದ ಕಾರು

ಹಲಸೂರಿನ ಬಜಾರು ಬೀದಿಯಲ್ಲಿ ಗಂಡಾಗಿ ಹುಟ್ಟಿದವನು ಜೀವಮಾನದಲ್ಲಿ ಒಂದು ಸಲವಾದರೂ ಮುನಿಆಂಜನಪ್ಪನ ಬೆನ್ನು ನೋಡಲೇಬೇಕಿತ್ತು. ಮದುವೆಯ ದಿನ ಸೋಮೇಶ್ವರನ ಗುಡಿಯಿಂದ ಛತ್ರದವರೆಗೆ ಸಾರೋಟಿನಲ್ಲಿ ಹೊರಟ ಮದುಮಗನಿಗೆ ದಾರಿಯುದ್ದಕ್ಕೂ ಕಾಣುತ್ತಿದ್ದುದು ಅದೊಂದೇ: ಕೆಂಪು ಬನಾತಿನ ಕೋಟು ತೊಟ್ಟ ಅಗಲವಾದ ಬೆನ್ನು, ಮೇಲೊಂದು ಜರಿ ಪೇಟ. ಮದುವೆಗೆ ಪುರೋಹಿತರು, ತಾಳಿ ಇವೂ ಬೇಕಾಗುತ್ತವೆ ಎಂಬುದನ್ನು ಮುನಿಆಂಜನಪ್ಪ ಅಲ್ಲಗಳೆಯುತ್ತಿರಲಿಲ್ಲ. ಆದರೆ ಅವೆಲ್ಲ ಸಾರೋಟು ಬಂದು ನಿಂತ ಮೇಲಿನ ಮಾತು.

ಅವನ ಅಜ್ಜ ಪಲ್ಲಕ್ಕಿ ಹೊತ್ತವನು. ಅಪ್ಪ ಜಟಕಾ ಹೊಡೆದವನು. ಮುನಿಆಂಜನಪ್ಪ ಹಿತ್ತಾಳೆ ದೀಪದ ಸಾರೋಟು ಹತ್ತಿದ. "ನಮ್ ಮನೆತನ ಮೇಲಕ್ಕೇ ಹೋಗ್ತಾ ಇರೋದು ಕಣೇ," ಎಂದು ಹೆಂಡತಿ ಗೋವಿಂದಮ್ಮನಿಗೆ ಆಗಾಗ ಹೇಳುತ್ತಿದ್ದ. ಅವಳು ಹುಲ್ಲಿನ ಕಂತೆ ಬಿಚ್ಚುತ್ತಾ, "ಮೇಲಕ್ಕೆ ಹೋಗೋಕ್ಮುಂಚೆ ಲಾಯ ಗುಡಿಸಿ ಹೋಗಿ," ಎನ್ನುತ್ತಿದ್ದಳು. ಮನೆಯ ಬಾಗಿಲ ಮೇಲೆ 'ಮುನಿಆಂಜನಪ್ಪ ಅಂಡ್ ಕಂಪನಿ' ಎಂಬ ಹಲಗೆ ಇತ್ತು. ಕಂಪನಿ ಎಂದರೆ ಗೋವಿಂದಮ್ಮ ಮತ್ತು ಕರ್ನಲ್.

ಕರ್ನಲ್ ಕುದುರೆ. ದಂಡಿನ ರಿಸಾಲೆಯವರು ವಯಸ್ಸಾಯಿತೆಂದು ಹರಾಜು ಹಾಕಿದ್ದ ಬಿಳಿ ಕುದುರೆ. ಬ್ಯಾಂಡಿನ ಡೋಲು ಕಿವಿಗೆ ಬಿದ್ದರೆ ಸಾಕು, ಕತ್ತನ್ನು ಬಿಲ್ಲಿನಂತೆ ಬಗ್ಗಿಸಿ ಮುಂಗಾಲನ್ನು ಎತ್ತೆತ್ತಿ ತಾಳಕ್ಕೆ ಸರಿಯಾಗಿ ಇಡುತ್ತಿತ್ತು. ಇಂಥ ನಡಿಗೆಯನ್ನು ತಾನೇ ಕಲಿಸಿದ್ದೆಂದು ಮುನಿಆಂಜನಪ್ಪ ಹೇಳಿಕೊಳ್ಳುತ್ತಿದ್ದ. ಕರ್ನಲ್ ಈ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತೇಳರ ಬೇಸಿಗೆಯಲ್ಲಿ ದೊರೆಗಳು ಗಂಟುಮೂಟೆ ಕಟ್ಟತೊಡಗಿದರು. ದಂಡಿನ ಬಂಗಲೆಗಳ ಜಗಲಿಯ ಮೇಲೆಲ್ಲ ಪಿಯಾನೊ, ಜಿಂಕೆಯ ತಲೆ, ಸ್ನಾನದ ತೊಟ್ಟಿ ಮಾರಾಟಕ್ಕೆ ಕೂತವು. ಹಲಸೂರು ಕೆರೆಯ ಕಡೆಯ ಒಬ್ಬ ಮೇಜರ್ ದೊರೆಯ ಬಂಗಲೆಯಲ್ಲಿ ಮಾತ್ರ ಒಂದು ಕಾರಿತ್ತು. ಇಟಲಿಯದು. ಯಾವುದೋ ಸಂಸ್ಥಾನದ ರಾಜಕುಮಾರ ತರಿಸಿ, ಬೇಸರವಾಗಿ ಮೇಜರನಿಗೆ ದಾಟಿಸಿದ್ದು. ಕೆನೆಬಣ್ಣ, ಕೆಂಪು ತೊಗಲಿನ ಮೆತ್ತೆ, ಮಾರುದ್ದದ ಮೂತಿ. ಮೇಲ್ಗಡೆ ಪೂರ್ತಿ ಬಯಲು. ಮಡಿಸುವ ಟಾಪು ಗೆದ್ದಲು ಹಿಡಿದು ಬಿಚ್ಚಿಕೊಳ್ಳುತ್ತಿರಲಿಲ್ಲ. ಮುನಿಆಂಜನಪ್ಪ ಅದನ್ನು ಕೊರತೆ ಎಂದುಕೊಳ್ಳಲಿಲ್ಲ. ಮದುಮಗನನ್ನು ಊರೆಲ್ಲ ನೋಡಬೇಕಾದರೆ ಟಾಪು ಯಾಕೆ?

ಆ ರಾತ್ರಿ ಅವನಿಗೆ ಮನೆತನ ಇನ್ನೊಂದು ಮೆಟ್ಟಿಲು ಹತ್ತುವುದು ಕಾಣಿಸಿತು.

ಪರೀಕ್ಷೆ ಮಾಡದೆ ಕೊಳ್ಳುವಷ್ಟು ದಡ್ಡ ಅವನಲ್ಲ. ಮೇಜರನ ಡ್ರೈವರು ಅವನನ್ನು ಕೂರಿಸಿಕೊಂಡು ಹಳೇ ಮದರಾಸು ರಸ್ತೆಯಲ್ಲಿ ಕೆ.ಆರ್. ಪುರದವರೆಗೆ ಹೋಗಿ ಬಂದ. ಜರಿ ಪೇಟ ತಿಪ್ಪಸಂದ್ರದ ಹತ್ತಿರ ಹಾರಿಹೋಯಿತು. ಉಳಿದ ಮುನಿಆಂಜನಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು, ಹಲ್ಲು ಕಚ್ಚಿಕೊಂಡು, ತನ್ನ ಜೀವನದ ಅತ್ಯಂತ ಸಂತೋಷದ ಕಾಲು ಗಂಟೆಯನ್ನು ಕಳೆದ. ಎಷ್ಟು ಜೋರಾಗಿ ಹೋಗುತ್ತದೆ ಎಂದು ಕೇಳಿದ, ಬ್ರೇಕು ಹಿಡಿಯುತ್ತದೆಯೇ ಎಂದು ಕೇಳಿದ, ಹಾರ್ನು ಒತ್ತಿ ನೋಡಿದ. ನಿಧಾನವಾಗಿ ಹೋಗುತ್ತದೆಯೇ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ನಿಧಾನವಾಗಿ ಹೋಗುವುದು ಯಾರಿಗೆ ಬರುವುದಿಲ್ಲ?

ಕಾರಿನ ದುಡ್ಡಿಗೆಂದು ಕರ್ನಲ್‌ನನ್ನೂ ಸಾರೋಟನ್ನೂ ಕೆ.ಆರ್. ಪುರದ ತರಕಾರಿ ಚಿಕ್ಕವೆಂಕಟಪ್ಪನಿಗೆ ಮಾರಿದ. ಗೋವಿಂದಮ್ಮನ ಕೊರಳಿನ ಚಿನ್ನದ ಅಡ್ಡಿಕೆಯೂ ಅದೇ ದಾರಿ ಹಿಡಿಯಿತು. ಚಿಕ್ಕವೆಂಕಟಪ್ಪ ಹಗ್ಗ ಹಿಡಿದು ಎಳೆದಾಗ ಕರ್ನಲ್ ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿತು. ಮುನಿಆಂಜನಪ್ಪ ಕಾರಿನ ದೀಪ ಒರೆಸುತ್ತಿದ್ದ.

ಶಿವಾಜಿನಗರದ ಅಸ್ಗರ್ ಹಳೆಯ ಮೆಕ್ಯಾನಿಕ್, ಮುನಿಆಂಜನಪ್ಪನ ಗೆಳೆಯ. ಕಾರು ಬಿಡುವುದನ್ನು ಅವನೇ ಹೇಳಿಕೊಟ್ಟ. ಅದೂ ಖಾಲಿ ರಸ್ತೆಯಲ್ಲಿ, ಜೋರಾಗಿಯೇ. ನಿಲ್ಲಿಸಬೇಕಾದಾಗೆಲ್ಲ ಮುನಿಆಂಜನಪ್ಪ "ಹೋ... ಹೋ..." ಎಂದು ಸ್ಟೀರಿಂಗನ್ನು ಎದೆಗೆ ಎಳೆದುಕೊಳ್ಳುತ್ತಿದ್ದ.

"ಅರೆ ಅಣ್ಣಾ, ಲಗಾಮಲ್ಲ ಅದು! ಕಾಲು, ಕಾಲು!" ಎಂದು ಅಸ್ಗರ್ ಕೂಗುತ್ತಿದ್ದ. ಹದಿನೈದು ದಿನದ ಮೇಲೆ ಬಾನೆಟ್ ತೆಗೆದು ಒಳಗೆಲ್ಲ ಬಗ್ಗಿ ನೋಡಿ, ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ಎಂಜಿನ್ ಹುಲಿ ಇದ್ದಂಗೈತೆ. ಆದ್ರೆ ಬಾಡಿಗೆಗೆ ಯಾವ ರೂಟು?"

"ಗುಡಿಯಿಂದ ಛತ್ರಕ್ಕೆ."

"ಅಷ್ಟೇನಾ? ಹೋಗೋಕೆ ಎಷ್ಟೊತ್ತು?"

"ಬ್ಯಾಂಡು ಚೆನ್ನಾಗಿದ್ರೆ ಎರಡು ಗಂಟೆ."

ಅಸ್ಗರ್ ಬಾನೆಟ್ ಮುಚ್ಚಿದ. "ಅಣ್ಣಾ, ಇದು ಓಡೋ ಜಾತಿ. ಗಾಳಿ ತಿಂದು ಬದುಕೋದು. ಇದ್ಕೆ ನಡೆಯೋಕೆ ಬರಲ್ಲ."

"ನಿಂಗೆ ಹೊಟ್ಟೆಕಿಚ್ಚು ಕಣೋ," ಎಂದು ಮುನಿಆಂಜನಪ್ಪ ನಕ್ಕ. ಆದರೆ ಆ ರಾತ್ರಿ ಊಟದ ಮುಂದೆ ಕೂತವನು ಗೋವಿಂದಮ್ಮನಿಗೆ ಹೇಳಿದ: "ಅಕ್ಕಿ ಮಂಡಿ ಆದಿನಾರಾಯಣಪ್ಪನ ಮಗಳ ಲಗ್ನ ನಮಗೇ ಬಂದಿದೆ. ಇದೊಂದು ಸರಿಹೋದ್ರೆ ಹಲಸೂರಿನ ಲಗ್ನ ಎಲ್ಲಾ ನಮ್ದೇ."

"ಸರಿಹೋಗ್ಲಿಲ್ಲ ಅಂದ್ರೆ?"

ಅವನು ಇನ್ನೊಂದು ತುತ್ತು ಮುದ್ದೆ ಮುರಿದ. ಲಾಯ ಖಾಲಿ ಇತ್ತು. ಮೊದಲಾದರೆ ಇಂಥ ಮಾತಿಗೆ ಕರ್ನಲ್ ಒಂದು ಸಲ ಕಾಲು ಬಡಿಯುತ್ತಿತ್ತು.

ಲಗ್ನದ ದಿನ ಬೆಳಿಗ್ಗೆ ಎಂಟಕ್ಕೆ ಕಾರು ಗುಡಿಯ ಮುಂದೆ ನಿಂತಿತು. ಮೂತಿಗೆ ಬಾಳೆಕಂದು, ಕನ್ನಡಿಗೆ ಮಲ್ಲಿಗೆ. ತೊಗಲಿನ ಮೇಲೆ ಮದುಮಗ ಕೂರಬಾರದೆಂದು ಹಿರಿಯರು ತಕರಾರು ತೆಗೆದುದರಿಂದ ಗೋವಿಂದಮ್ಮನ ಧಾರೆ ಸೀರೆಯನ್ನು ಮಡಿಸಿ ಹಾಸಿದ್ದಾಯಿತು. ಹುಡುಗರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಆದಿನಾರಾಯಣಪ್ಪ ಶಲ್ಯ ಸರಿಮಾಡಿಕೊಂಡು, "ನಮ್ ಮೆರವಣಿಗೆ ಅಂದ್ರೆ ಹಿಂಗಿರ್ಬೇಕು," ಎಂದು ಬೀಗರಿಗೆ ಕೇಳಿಸುವಂತೆ ಹೇಳಿದ. ಹೊಸ ಪೇಟದ ಮುನಿಆಂಜನಪ್ಪ ಎಡಕ್ಕೂ ಬಲಕ್ಕೂ ತಲೆಯಾಡಿಸಿದ. ದೊರೆಗಳು ಬಿಟ್ಟು ಹೋಗುತ್ತಿರುವ ದೇಶವನ್ನು ಸದ್ಯಕ್ಕೆ ಅವನೇ ವಹಿಸಿಕೊಂಡಂತೆ ಇತ್ತು.

ಬ್ಯಾಂಡು ಶುರುವಾಯಿತು. ಹತ್ತು ಹೆಜ್ಜೆಗೊಮ್ಮೆ ನಿಂತು ಬಾರಿಸುವುದು ಅವರ ಪದ್ಧತಿ. ಪ್ರತಿ ಬಾಗಿಲಲ್ಲೂ ಒಂದು ಆರತಿ. ಕಾರು ಒಂದು ಮಾರು ಜಿಗಿಯುವುದು, ಗಕ್ಕನೆ ನಿಲ್ಲುವುದು. ಪ್ರತಿ ಸಲ ಮದುಮಗ ಮುಂದಕ್ಕೆ ಮುಗ್ಗರಿಸಿ ಬಾಸಿಂಗ ಹಿಡಿದುಕೊಳ್ಳುವುದು. ಒಂದು ಸಲ ಕಾರು ಡೋಲಿನವನ ಮೊಣಕಾಲ ಹಿಂಬದಿಗೆ ತಿವಿಯಿತು. ಅವನು ತಮಿಳಿನಲ್ಲಿ ಏನೋ ಅಂದ, ಮಂಗಳಕಾರ್ಯದಲ್ಲಿ ಹೇಳುವಂಥದ್ದಲ್ಲ. ಐದನೆಯ ಆರತಿಯ ಹೊತ್ತಿಗೆ ಸುಟ್ಟ ವಾಸನೆ ಬಂತು. ಎಂಟನೆಯದಕ್ಕೆ ಮೂತಿಯಿಂದ ಹಬೆ ಎದ್ದಿತು. ಬಾಳೆಕಂದು ಬೆಂದು ಬಾಗಿತು. ಆಮೇಲೆ ಒಳಗೆಲ್ಲೋ ಏನೋ ಒಡೆದ ಸದ್ದಾಗಿ, ಕುದಿನೀರು ಬೀದಿಗೆ ಹರಿದು, ಕಾರು ಸುಮ್ಮನಾಯಿತು. ಬಜಾರಿನ ನಟ್ಟನಡುವೆ, ಇನ್ನೂ ಅರ್ಧ ದಾರಿಯಲ್ಲಿ.

"ಏನ್ರೀ ಮುನಿಆಂಜನಪ್ಪ, ಅನ್ನ ಬೇಯಿಸ್ತಾ ಇದ್ದೀರಾ?" ಎಂದು ಯಾರೋ ಕೂಗಿದರು. ಬೀದಿ ನಕ್ಕಿತು. ಆದಿನಾರಾಯಣಪ್ಪ ನಗಲಿಲ್ಲ. "ಮುಹೂರ್ತ ಮೀರ್ತದೆ ಕಣಯ್ಯಾ! ಏನಾದ್ರೂ ಮಾಡು!"

ಆಗ ಕೆ.ಆರ್. ಪುರದ ಕಡೆಯಿಂದ ಎಲೆಕೋಸು ತುಂಬಿದ ಗಾಡಿಯೊಂದು ಬಂತು. ಗಾಡಿಯ ಒಂದು ಪಕ್ಕಕ್ಕೆ ಹಿತ್ತಾಳೆಯ ದೀಪ ಇತ್ತು. ಮುನಿಆಂಜನಪ್ಪ ಮೊದಲು ಗುರುತು ಹಿಡಿದದ್ದು ದೀಪವನ್ನು. ಮೆತ್ತೆ ಕಿತ್ತು, ಹಲಗೆ ಬಡಿದು, ಸಾರೋಟನ್ನು ಚಿಕ್ಕವೆಂಕಟಪ್ಪ ತರಕಾರಿ ಗಾಡಿ ಮಾಡಿದ್ದ. ಮೂಕಿಗಳ ನಡುವೆ ಕರ್ನಲ್ ಇತ್ತು. ಪಕ್ಕೆಲುಬು ಎಣಿಸುವಂತಿತ್ತು, ಹೆಗಲ ಮೇಲೆ ಹುಣ್ಣು.

ಏನು ಮಾಡಬೇಕೆಂದು ತಿಳಿಯದ ಬ್ಯಾಂಡಿನವರು ಇನ್ನೂ ಬಾರಿಸುತ್ತಲೇ ಇದ್ದರು. ಕರ್ನಲ್‌ನ ಕಿವಿ ನಿಮಿರಿತು. ಕತ್ತು ಬಿಲ್ಲಾಯಿತು. ಎಲೆಕೋಸಿನ ರಾಶಿಯನ್ನು ಎಳೆಯುತ್ತಲೇ ಅದು ಮುಂಗಾಲನ್ನೆತ್ತಿ ತಾಳಕ್ಕೆ ಇಟ್ಟಿತು. ಮತ್ತೊಂದು ಎತ್ತಿತು.

ಮುನಿಆಂಜನಪ್ಪ ಓಡಿ ಹೋಗಿ ಗಾಡಿಯ ಮೂಕಿ ಹಿಡಿದುಕೊಂಡ. "ಚಿಕ್ಕವೆಂಕಟಪ್ಪಾ, ಒಂದೇ ಒಂದ್ ಗಂಟೆ. ಛತ್ರದವರೆಗೆ ಕಾರು ಎಳೀಲಿ. ನಿನ್ ಕಾಲಿಗ್ ಬೀಳ್ತೀನಿ."

"ಬಿಡಣ್ಣಾ. ಮಾರ್ಕೆಟ್ಟಿಗೆ ಹೊತ್ತಾಗೋಯ್ತು. ಆ ಕಬ್ಬಿಣದ ಬೆಟ್ಟ ಎಳೆದ್ರೆ ಇದು ಇಲ್ಲೇ ಸತ್ತೋಗ್ತದೆ. ನೋಡು, ಬ್ಯಾಂಡ್ ಕೇಳಿದ್ರೆ ಸಾಕು, ಹಿಂಗೇ ಕುಣಿಯೋಕ್ ನಿಂತ್ಕೊಳ್ತದೆ. ಎಂಥಾ ಅಭ್ಯಾಸ ಮಾಡ್ಸಿದೀಯಪ್ಪಾ!"

ಚಾಟಿ ಬಿತ್ತು. ಕರ್ನಲ್ ಎತ್ತಿದ ಕಾಲನ್ನು ತಾಳ ತಪ್ಪಿ ಇಟ್ಟಿತು. ಇನ್ನೊಂದು ಏಟಿಗೆ ಕತ್ತು ಇಳಿಯಿತು. ಗಾಡಿ ಮುಂದೆ ಹೋಯಿತು. ಈ ಸಲ ತಿರುಗಿ ನೋಡಿದವನು ಮುನಿಆಂಜನಪ್ಪ, ಕುದುರೆ ನೋಡಲಿಲ್ಲ.

ಮದುಮಗ ಇಳಿದು ಛತ್ರಕ್ಕೆ ನಡೆದ. ಧಾರೆ ಸೀರೆಯ ಮೇಲೆ ಎಣ್ಣೆ ಚಿಮ್ಮಿತ್ತು.

ಆಮೇಲೆ ಹಲಸೂರಿನ ಒಂದು ಲಗ್ನವೂ ಮುನಿಆಂಜನಪ್ಪನ ಮನೆ ಬಾಗಿಲಿಗೆ ಬರಲಿಲ್ಲ. ಒಡೆದ ಭಾಗ ಇಟಲಿಯಿಂದಲೇ ಬರಬೇಕು ಎಂದ ಅಸ್ಗರ್. ತಳ್ಳಿಕೊಂಡು ಬಂದ ಕಾರು ಲಾಯದಲ್ಲಿ ನಿಂತಿತು. ಮಾರುದ್ದದ ಮೂತಿ ಬೀದಿಗೆ ಚಾಚಿಕೊಂಡಿತ್ತು. ಗೋವಿಂದಮ್ಮ ಅದರ ಮೇಲೆ ಸಂಡಿಗೆ ಒಣಗಿಸಿದಳು. ಅಡ್ಡಿಕೆಯ ಮಾತನ್ನು ಅವಳು ಎಂದೂ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮುನಿಆಂಜನಪ್ಪ ದಿನಾ ಬೆಳಿಗ್ಗೆ ರಸೆಲ್ ಮಾರ್ಕೆಟ್ಟಿನವರೆಗೆ ನಡೆದು ಹೋಗುವುದನ್ನು ಅಭ್ಯಾಸ ಮಾಡಿಕೊಂಡ. ಕಾಲಿಗೆ ಒಳ್ಳೆಯದು ಎಂದು ಕೇಳಿದವರಿಗೆ ಹೇಳುತ್ತಿದ್ದ. ಜೇಬಿನಲ್ಲಿ ಬೆಲ್ಲದ ಚೂರು ಇರುತ್ತಿತ್ತು. ಅಲ್ಲಿ ತರಕಾರಿ ಗಾಡಿಗೆ ಕಟ್ಟಿದ್ದ ಕರ್ನಲ್ ಅವನ ಅಂಗೈ ನೆಕ್ಕುತ್ತಿತ್ತು. ಅದು ಗುರುತಿಗೋ ಬೆಲ್ಲಕ್ಕೋ ಎಂದು ಅವನು ಪರೀಕ್ಷಿಸಲು ಹೋಗಲಿಲ್ಲ.

ಕಾರ್ತಿಕದ ಒಂದು ಬೆಳಿಗ್ಗೆ ಚಿಕ್ಕವೆಂಕಟಪ್ಪನ ಗಾಡಿಗೆ ಎತ್ತು ಕಟ್ಟಿತ್ತು.

"ಎಲ್ಲಿ?" ಎಂದ ಮುನಿಆಂಜನಪ್ಪ.

"ಮೊನ್ನೆ ಹೋಯ್ತಣ್ಣಾ. ಬೈಯಪ್ಪನಹಳ್ಳಿ ಹತ್ರ ಕುಸಿದು ಬಿತ್ತು." ಚಿಕ್ಕವೆಂಕಟಪ್ಪ ಎಲೆಕೋಸು ಇಳಿಸುವುದನ್ನು ನಿಲ್ಲಿಸಿದ. "ಹಿತ್ತಾಳೆ ದೀಪ ಬೇಕಿದ್ರೆ ತಗೊಂಡ್ ಹೋಗು. ನಂಗೆ ಕೆಲ್ಸಕ್ಕೆ ಬರಲ್ಲ."

ಮುನಿಆಂಜನಪ್ಪ ದೀಪ ತೆಗೆದುಕೊಂಡ. ಬೆಲ್ಲದ ಚೂರು ಎತ್ತಿನ ಮುಂದೆ ಹಿಡಿದ. ಅದು ಮೂಸಿ ಮುಖ ತಿರುಗಿಸಿತು. ಹಲಸೂರಿಗೆ ಹಿಂತಿರುಗುವ ದಾರಿಯಲ್ಲಿ ಯಾರದೋ ಮದುವೆಯ ಬ್ಯಾಂಡು ಎದುರಾಯಿತು. ಅವನು ದೀಪವನ್ನು ಕೋಟಿನೊಳಗೆ ಮುಚ್ಚಿಕೊಂಡು, ಮೆರವಣಿಗೆ ದಾಟಿ ಹೋಗುವವರೆಗೂ ಗೋಡೆಯ ಕಡೆ ಮುಖ ಮಾಡಿ ನಿಂತ. ಕಾಲುಗಳು ಮಾತ್ರ ಅವನ ಮಾತು ಕೇಳದೆ, ಡೋಲಿಗೆ ಸರಿಯಾಗಿ, ನಿಂತಲ್ಲೇ ಒಂದೊಂದಾಗಿ ಏಳುತ್ತಿದ್ದವು.