ಸೋಲಿನ ದಿನದ ಅಡುಗೆ

ಸ್ಯಾನ್ ಮಟಿಯೋದಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿದ್ದವರು ಹುಬ್ಬಳ್ಳಿಯವರೊಬ್ಬರು. ಇಟಲಿಯ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಮನಸ್ಸು ಕೊಟ್ಟಿದ್ದರು. ಆ ತಂಡದ ಜೆರ್ಸಿ ನೀಲಿ ಎಂದು ನನ್ನ ನೆನಪು. ಹೆಂಡತಿ ಕೆಂಪು ಅನ್ನುತ್ತಾಳೆ. ಅವಳೇ ಸರಿಯಿರಬಹುದು.

ಆ ಸೀಸನ್ನಿನಲ್ಲಿ ತಂಡ ಸೋಲುತ್ತಲೇ ಹೋಯಿತು. ಭಾನುವಾರ ಬೆಳಗ್ಗೆ ಟಿವಿಯಲ್ಲಿ ಮ್ಯಾಚು ನೋಡಲು ನನ್ನನ್ನು ಮನೆಗೆ ಕರೆಯುತ್ತಿದ್ದರು. ಎದುರಾಳಿ ಗೋಲು ಹೊಡೆದಾಗಲೆಲ್ಲ ಚೆಂಡು ಬಿಟ್ಟದ್ದು ತಾವೇ ಎಂಬಂತೆ ತಲೆ ತಗ್ಗಿಸಿ, "ತಪ್ಪು ತಿಳಕೋಬ್ಯಾಡ್ರಿ, ನಮ್ಮ ಹುಡುಗ್ರು ಹಿಂಗಲ್ರೀ" ಅನ್ನುತ್ತಿದ್ದರು. ಕೆಟ್ಟ ಆಟಕ್ಕೆ ಕರೆದ ನಾಚಿಕೆಗೆಂದು, ಮ್ಯಾಚಿಗೆ ಮುಂಚೆಯೇ ನನಗೆ ತಿನ್ನಲು ಏನಾದರೂ ಮಾಡಿಡುತ್ತಿದ್ದರು. ಮೊದಲು ಮಂಡಕ್ಕಿ, ಮಿರ್ಚಿ. ಸೋಲು ಹೆಚ್ಚಿದಂತೆ ಅದು ಹೋಳಿಗೆಯವರೆಗೂ ಬಂತು.

"ಡ್ಯಾಡ್, ದೇ ಆರ್ ನಾಟ್ ಅವರ್ ಫ್ಯಾಮಿಲಿ," ಎಂದು ಅವರ ಮಗಳು ನಗುತ್ತಿದ್ದಳು.

ಕೊನೆಯ ಮ್ಯಾಚು ಸೋತರೆ ತಂಡ ಕೆಳಗಿನ ಲೀಗಿಗೆ ಬೀಳುತ್ತಿತ್ತು. ಸೋತಿತು. ಗೋಲ್‌ಕೀಪರ್ ಹುಲ್ಲಿನ ಮೇಲೆ ಮುಖ ಮುಚ್ಚಿಕೊಂಡು ಕೂತ. ಇವರು ಟಿವಿ ಆರಿಸಿದರು. ಅಭ್ಯಾಸಬಲದಿಂದ ನನ್ನ ಕಣ್ಣು ಊಟದ ಟೇಬಲ್ಲಿನತ್ತ ಹೋಯಿತು. ಅಲ್ಲಿ ಏನೂ ಇರಲಿಲ್ಲ. ನಾನು ನೋಡಿದ್ದನ್ನು ಅವರು ನೋಡಿಬಿಟ್ಟರು.

"ಇವತ್ತ ಏನೂ ಮಾಡ್ಲಿಲ್ರೀ," ಅಂದರು, ನೆಲ ನೋಡುತ್ತ. "ಗೆಲ್ತಾರ ಅನ್ಕೊಂಡಿದ್ದೆ."